ಕನ್ನಡ ಶಾಲೆಗೆ ಜೀವ ಕೊಟ್ಟ ಡೆಪ್ಯುಟಿ ಚನ್ನಬಸಪ್ಪ

ಮಹಾಗಾಂವ: ಗಡಹಿಂಗ್ಲಜ, ಮಹಾಗಾಂವ, ಸಂಕೇಶ್ವರ ಭಾಗದ ಸಂತೆಗಳಲ್ಲಿ ಕನ್ನಡ, ಮರಾಠಿ ಎರಡೂ ಕಿವಿಗೆ ಬೀಳುತ್ತವೆ. ಆದರೆ ಸಂತೆಯಲ್ಲಿ ಆಡುವ ಮಾತಿಗೆ ಶಾಲೆಯಲ್ಲೂ ಜಾಗ ಸಿಗಬೇಕು ಎಂದು 150 ವರ್ಷಗಳ ಹಿಂದೆಯೇ ದುಡಿದವರು ಡೆಪ್ಯುಟಿ ಚನ್ನಬಸಪ್ಪ.

1834ರಲ್ಲಿ ಧಾರವಾಡದಲ್ಲಿ ಹುಟ್ಟಿದ ಚನ್ನಬಸಪ್ಪನವರು ಹೆಚ್ಚಿನ ಓದಿಗೆ ಪುಣೆಗೆ ಹೋದರು. ಪೇಶ್ವೆಗಳ ಆಡಳಿತ 1818ರಲ್ಲಿ ಕೊನೆಗೊಂಡಿದ್ದರೂ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ಕಚೇರಿ, ಶಾಲೆಗಳಲ್ಲಿ ಮರಾಠಿಯೇ ನಡೆಯುತ್ತಿತ್ತು. ಮನೆಯಲ್ಲಿ ಕನ್ನಡ ಆಡುವ ಮಗು ಶಾಲೆಯಲ್ಲಿ ಬೇರೆ ನುಡಿಯಲ್ಲಿ ಅಕ್ಷರ ಕಲಿಯಬೇಕಿತ್ತು.

ಇಂಗ್ಲಿಷ್ ಕೂಡ ಒಂದು ಕಾಲಕ್ಕೆ ಇದೇ ಸ್ಥಿತಿಯಲ್ಲಿತ್ತು. ಇಂಗ್ಲೆಂಡಿನ ವಿದ್ವಾಂಸರಿಗೆ ಲ್ಯಾಟಿನ್ನೇ ದೊಡ್ಡದು, ಇಂಗ್ಲಿಷ್ ಬರೀ ಜನರ ಮಾತು. 1476ರಲ್ಲಿ ಕ್ಯಾಕ್ಸ್‌ಟನ್ ಅಲ್ಲಿ ಮುದ್ರಣಾಲಯ ತೆರೆದ. ಮುಂದಿನ ಒಂದೂವರೆ ಶತಮಾನದಲ್ಲಿ ಲ್ಯಾಟಿನ್, ಗ್ರೀಕ್, ಫ್ರೆಂಚ್‌ಗಳಿಂದ ಸಾವಿರಾರು ಪದಗಳು ಬಂದವು. ಪರಭಾಷೆಯ ಪದ ಬೇಕೇ ಬೇಡವೇ ಎಂದು ಪಂಡಿತರು ಜಗಳವಾಡಿದರು. ಅಷ್ಟರಲ್ಲಿ ಅನುವಾದಕರು, ನಾಟಕಕಾರರು ಆ ನುಡಿಯನ್ನು ಎಲ್ಲ ಕೆಲಸಕ್ಕೂ ಪಳಗಿಸಿದರು. ಅವರಲ್ಲಿ ಮುಖ್ಯನು ಶೇಕ್ಸ್‌ಪಿಯರ್.

ಧಾರವಾಡದ ಶಿಕ್ಷಕರ ತರಬೇತಿ ಶಾಲೆಯ ಮುಖ್ಯಸ್ಥರಾಗಿ, ಬಳಿಕ ಬೆಳಗಾವಿಯಲ್ಲಿ ಡೆಪ್ಯುಟಿ ಇನ್‌ಸ್ಪೆಕ್ಟರ್ ಆಗಿ ಚನ್ನಬಸಪ್ಪನವರು ಹಿಡಿದದ್ದೂ ಇಂಥ ಕೆಲಸವನ್ನೇ. ಶಿಕ್ಷಣ ಇಲಾಖೆಯ ಅಧಿಕಾರಿ ರಸೆಲ್ ಅವರ ಬೆಂಬಲವೂ ದೊರೆಯಿತು. ಊರೂರು ಸುತ್ತಿ ಕನ್ನಡ ಶಾಲೆ ತೆರೆಸಿದರು. ಆದರೆ ಶಾಲೆ ತೆರೆದರೆ ಸಾಲದು, ಮಾಸ್ತರರೂ ಬೇಕು, ಪುಸ್ತಕಗಳೂ ಬೇಕು. ತರಬೇತಿ ಪಡೆದ ಮಾಸ್ತರರು ಹಳ್ಳಿಗಳಿಗೆ ಹೋದರು. ವೆಂಕಟ ರಂಗೋ ಕಟ್ಟಿ, ಗಂಗಾಧರ ಮಡಿವಾಳೇಶ್ವರ ತುರಮರಿ ಮುಂತಾದವರು ಅದೇ ಕಾಲದಲ್ಲಿ ಕನ್ನಡ ಪುಸ್ತಕಗಳನ್ನು ಬರೆದರು. ತುರಮರಿಯವರು ಬಾಣಭಟ್ಟನ ಕಾದಂಬರಿಯನ್ನು ಕನ್ನಡಕ್ಕೆ ತಂದರು.

ಸ್ವತಃ ಚನ್ನಬಸಪ್ಪನವರು ಆರಿಸಿಕೊಂಡದ್ದು ಶೇಕ್ಸ್‌ಪಿಯರನನ್ನು. ಎರಡು ಜೋಡಿ ಅವಳಿಗಳಿಂದ ಊರೆಲ್ಲ ಗೊಂದಲವಾಗುವ 'ಕಾಮಿಡಿ ಆಫ್ ಎರರ್ಸ್' ನಾಟಕವನ್ನು 1871ರಲ್ಲಿ 'ನಗದವರನ್ನು ನಗಿಸುವ ಕಥೆ' ಎಂಬ ಹೆಸರಿನಲ್ಲಿ ಕನ್ನಡಕ್ಕೆ ಇಳಿಸಿದರು. ಶೇಕ್ಸ್‌ಪಿಯರ್ ಕನ್ನಡಕ್ಕೆ ಬಂದ ಮೊದಲ ಪ್ರಯತ್ನಗಳಲ್ಲಿ ಇದೂ ಒಂದು. ಪಠ್ಯಪುಸ್ತಕದ ಕನ್ನಡ ಇಲ್ಲಿ ನಗಿಸಲೂ ಕಲಿಯಿತು.

ಇವರ ದುಡಿಮೆ ಮರಾಠಿಯ ಮೇಲಿನ ದ್ವೇಷದಿಂದ ಹುಟ್ಟಿದ್ದಲ್ಲ, ಮಗುವಿಗೆ ತಿಳಿಯುವ ಮಾತಿನಲ್ಲಿ ಪಾಠ ನಡೆಯಲಿ ಎಂಬುದಷ್ಟೇ ಅದರ ತಿರುಳು. 1881ರಲ್ಲಿ, ಐವತ್ತು ತುಂಬುವ ಮೊದಲೇ ಅವರು ತೀರಿಕೊಂಡರು. ಒಂಬತ್ತು ವರ್ಷಗಳ ನಂತರ, 1890ರಲ್ಲಿ, ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಅಷ್ಟು ಹೊತ್ತಿಗೆ ಅದರ ಪುಸ್ತಕ ಓದಬಲ್ಲ ಒಂದು ತಲೆಮಾರು ಕನ್ನಡ ಶಾಲೆಗಳಿಂದ ಹೊರಬಂದಿತ್ತು. ಅಧಿಕಾರದ ಹೆಸರಾದ 'ಡೆಪ್ಯುಟಿ' ಅವರ ಹೆಸರಿಗೇ ಅಂಟಿಕೊಂಡು ಇಂದಿಗೂ ಉಳಿದಿದೆ.