ಬಂದುದನ್ನು ಒಪ್ಪಿದ ಬಾಳು: ಮಂಜೇಶ್ವರದ ಗೋವಿಂದ ಪೈಗಳು

ದೇವಾಲಯವೊಂದರ ಜೀರ್ಣೋದ್ಧಾರಕ್ಕೆ ತೊಡಗುವ ಮುನ್ನ ಗ್ರಾಮಸ್ಥರು ಕಠಿನವಾದ ಒಂದು ಮಾತನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಅಜ್ಜಂದಿರು ಕಟ್ಟಿಸಿದ ಮಾಡು ಸೋರುತ್ತಿದೆ, ತೊಲೆಗೆ ಗೆದ್ದಲು ಹತ್ತಿದೆ, ಪಂಚಾಂಗ ಕುಸಿದಿದೆ ಎಂಬುದೇ ಆ ಮಾತು. ಇನ್ನೊಂದು ಮಳೆಗಾಲ ತಡೆದೀತು ಎಂದು ಸುಮ್ಮನಿರುವಷ್ಟು ಕಾಲ ಕೆಲಸ ಮೊದಲಾಗುವುದಿಲ್ಲ. ಇದ್ದುದನ್ನು ಇದ್ದಂತೆ ಒಪ್ಪಿದ ದಿನವೇ ದೇವರ ಅನುಜ್ಞೆಯನ್ನು ಬೇಡಿ, ಸಾನ್ನಿಧ್ಯವನ್ನು ಕಲಶಕ್ಕೆ ಆವಾಹಿಸಿ, ಬಾಲಾಲಯದಲ್ಲಿ ಇರಿಸಿ, ಹಳೆಯದನ್ನು ಬಿಚ್ಚಲು ಕೈಹಾಕುತ್ತಾರೆ. ಬ್ರಹ್ಮಕಲಶದ ಸಂಭ್ರಮಕ್ಕೆ ಮೂಲ ಆ ಒಪ್ಪಿಗೆಯೇ ಹೊರತು ಬೇರೆಯಲ್ಲ.

ಮನುಷ್ಯನ ಮನಸ್ಸೆಂಬ ಮಂದಿರಕ್ಕೂ ಇದೇ ನಿಯಮವು ಸಲ್ಲುತ್ತದೆ. ದುಃಖವು ಬಂದೆರಗಿದಾಗ, ಹೀಗಾಗಬಾರದಿತ್ತು, ನನಗೇ ಏಕೆ ಹೀಗಾಯಿತು ಎಂದು ಮನಸ್ಸು ಹಠಹಿಡಿಯುತ್ತದೆ. ಆ ಹಠದಿಂದ ಒಂದು ನೋವು ಎರಡಾಗುತ್ತದೆ. ನಡೆದುದು ನಡೆದಿದೆ ಎಂದು ತಲೆಬಾಗಿದ ಮೇಲೆಯೇ ಮುಂದಿನ ಕರ್ತವ್ಯವು ಕಣ್ಣಿಗೆ ಕಾಣುತ್ತದೆ. ಈ ಪಾಠವನ್ನು ಉಪದೇಶದಿಂದಲ್ಲದೆ ಬದುಕಿನಿಂದಲೇ ಕಲಿಸಿಕೊಟ್ಟ ಮಹನೀಯರು ಕುಂಜತ್ತೂರಿಗೆ ದೂರದವರಲ್ಲ. ನೆರೆಯ ಮಂಜೇಶ್ವರದಲ್ಲಿಯೇ ಬಾಳಿ ಬೆಳಗಿದ ರಾಷ್ಟ್ರಕವಿ ಗೋವಿಂದ ಪೈಗಳು.

ಗೋವಿಂದ ಪೈಗಳು 1883ನೆಯ ಇಸವಿ ಮಾರ್ಚ್ 23ರಂದು ಮಂಜೇಶ್ವರದಲ್ಲಿ, ತಾಯಿಯ ತವರುಮನೆಯಲ್ಲಿ ಜನಿಸಿದರು. ತಂದೆ ಮಂಗಳೂರಿನ ಸಾಹುಕಾರ ತಿಮ್ಮಪ್ಪ ಪೈಗಳು, ತಾಯಿ ದೇವಕಿಯಮ್ಮನವರು. ಶ್ರೀಮದನಂತೇಶ್ವರನ ಸನ್ನಿಧಿಯಿರುವ, ಮಾರ್ಗಶಿರದ ಷಷ್ಠಿ ಮಹೋತ್ಸವಕ್ಕೆ ಊರೂರುಗಳಿಂದ ಭಕ್ತರು ನೆರೆಯುವ ಮಂಜೇಶ್ವರವೇ ಅವರು ಬೆಳೆದ ಊರು. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಪಾಠಶಾಲೆಯಲ್ಲಿ ಕನ್ನಡ, ತೆಂಕಣ ನೆರೆಯಲ್ಲಿ ಮಲಯಾಳ; ಈ ಸೀಮೆಯ ಮಕ್ಕಳು ಇಂದಿಗೂ ಹೇಗೆ ಹಲವು ನುಡಿಗಳ ನಡುವೆ ಸಹಜವಾಗಿ ಬೆಳೆಯುತ್ತಾರೋ ಹಾಗೆಯೇ ಆ ಬಾಲಕನೂ ಬೆಳೆದನು. ಮಂಗಳೂರಿನ ವಿದ್ಯಾಭ್ಯಾಸದ ಕಾಲದಲ್ಲಿ ಪಂಜೆ ಮಂಗೇಶರಾಯರಂತಹ ಗುರುಗಳು ದೊರೆತುದು ಪೂರ್ವಪುಣ್ಯವೇ ಸರಿ. ಅಲ್ಲಿಂದ ಮುಂದೆ ಉನ್ನತ ಶಿಕ್ಷಣಕ್ಕಾಗಿ ಮದರಾಸಿನ ಕ್ರಿಶ್ಚಿಯನ್ ಕಾಲೇಜನ್ನು ಸೇರಿದರು.

ಮೊದಲನೆಯ ಪೆಟ್ಟು ಬಿದ್ದುದು ಅಲ್ಲಿ. ಬಿ.ಎ. ಪದವಿಯ ಪರೀಕ್ಷೆ ನಡೆಯುತ್ತಿದ್ದ ಸಮಯದಲ್ಲಿಯೇ ತಂದೆಯವರ ಸಂಬಂಧವಾದ ದುರ್ವಾರ್ತೆ ಬಂದಿತು. ಉಳಿದ ಪರೀಕ್ಷೆಗಳನ್ನು ಅಲ್ಲಿಯೇ ಬಿಟ್ಟು ಯುವಕ ಗೋವಿಂದ ಪೈಗಳು ಊರಿಗೆ ಮರಳಬೇಕಾಯಿತು. ತಂದೆಯವರು ತೀರಿಕೊಂಡರು. ಹಿರಿಯ ಮಗನ ಹೆಗಲಿಗೆ ಸಂಸಾರದ ಭಾರವು ಬಂದಿತು. ಬರೆದು ಮುಗಿಸಿದ್ದ ಇಂಗ್ಲಿಷ್ ಭಾಷೆಯ ಪರೀಕ್ಷೆಯಲ್ಲಿ ಅವರಿಗೆ ಸುವರ್ಣಪದಕ ದೊರೆಯಿತು. ಪದವಿ ಮಾತ್ರ ದೊರೆಯಲಿಲ್ಲ. ಪದಕವಿದೆ, ಪದವಿಯಿಲ್ಲ! ಒಂದು ಆಯುಷ್ಯವನ್ನೆಲ್ಲ ಕಹಿಮಾಡಿಕೊಳ್ಳಲು ಇಷ್ಟೇ ಸಾಕಾಗಿತ್ತು. ಪರೀಕ್ಷೆಯಲ್ಲಿ ಎಡವಿದ ಮಕ್ಕಳು ಬದುಕೇ ಮುಗಿಯಿತೆಂದು ಕುಗ್ಗಿಹೋಗುವುದನ್ನೂ, ಅವರ ತಂದೆತಾಯಿಗಳು ನೆರೆಹೊರೆಗೆ ಮುಖತೋರಲು ಅಳುಕುವುದನ್ನೂ ಕಂಡವರಿಗೆ ಈ ಮಾತಿನ ತೂಕ ತಿಳಿದೀತು.

ಗೋವಿಂದ ಪೈಗಳು ಪದವಿ ಹೋಯಿತೆಂಬುದನ್ನು ಒಪ್ಪಿಕೊಂಡರು; ವಿದ್ಯೆ ಹೋಯಿತೆಂಬುದನ್ನು ಒಪ್ಪಲಿಲ್ಲ. ಈ ಎರಡರ ನಡುವಣ ಭೇದದಲ್ಲಿಯೇ ಅವರ ಜೀವನದ ರಹಸ್ಯವೆಲ್ಲ ಅಡಗಿದೆ. ಮಂಜೇಶ್ವರದ ಮನೆಯೇ ಅವರಿಗೆ ವಿಶ್ವವಿದ್ಯಾಲಯವಾಯಿತು. ಗ್ರಂಥಗಳನ್ನು ತರಿಸಿ ತರಿಸಿ ಓದಿದರು. ಸಂಸ್ಕೃತ, ಪಾಲಿ, ಬಂಗಾಳಿಗಳಿಂದ ಮೊದಲ್ಗೊಂಡು ಗ್ರೀಕ್, ಲ್ಯಾಟಿನ್, ಫ್ರೆಂಚ್, ಜರ್ಮನ್‌ಗಳವರೆಗೆ ಇಪ್ಪತ್ತಕ್ಕೂ ಮಿಕ್ಕಿದ ಭಾಷೆಗಳ ಪರಿಚಯವನ್ನು ಸಂಪಾದಿಸಿದರು. ಜಪಾನ್ ದೇಶದ ನೋ ನಾಟಕಗಳು ಅವರಿಂದ ಕನ್ನಡಕ್ಕೆ ಇಳಿದುಬಂದವು. ಈಜಿಪ್ತಿನ ಮರಳಿನಲ್ಲಿ ದೊರೆತ ಪ್ರಾಚೀನ ಗ್ರೀಕ್ ಪ್ರಹಸನವೊಂದರಲ್ಲಿ ಕನ್ನಡದ ಮಾತುಗಳಿವೆಯೇ ಎಂಬ ಚರ್ಚೆಯಲ್ಲಿ ಪಂಡಿತರ ಸಾಲಿನಲ್ಲಿ ನಿಂತು ವಿಚಾರಮಾಡಿದರು. ತುಳುನಾಡಿನ ಪೂರ್ವಸ್ಮೃತಿಗಳು, ಕವಿಗಳ ಹಾಗೂ ಆಚಾರ್ಯರ ಕಾಲನಿರ್ಣಯ, ಶಾಸನಗಳ ತಿಥಿವಾರಗಳು ಅವರ ನಿತ್ಯದ ಅಧ್ಯಯನದ ವಸ್ತುಗಳಾದವು. ಪದವಿಯಿಲ್ಲದ ಆ ಮನೆಯಂಗಳವನ್ನು ಪದವೀಧರರು ಸಂಶಯ ಪರಿಹಾರಕ್ಕಾಗಿ ಹುಡುಕಿಕೊಂಡು ಬರುವಂತಾಯಿತು.

ಹೀಗೆ ಹೇಳಿದಾಗ, ಬಂದುದನ್ನು ಒಪ್ಪುವುದೆಂದರೆ ಎಲ್ಲದಕ್ಕೂ ಕತ್ತು ಆಡಿಸುವುದೆಂದು ಯಾರಾದರೂ ತಿಳಿದಾರು. ಅದು ಹಾಗಲ್ಲ. ಕನ್ನಡ ಕಾವ್ಯದಲ್ಲಿ ಪ್ರತಿಪಾದದ ಎರಡನೆಯ ಅಕ್ಷರವು ಒಂದೇ ಆಗಿರಬೇಕೆಂಬ ಪ್ರಾಸನಿಯಮವು ಶತಮಾನಗಳಿಂದ ನಡೆದುಬಂದಿತ್ತು. ಹೇಳಬೇಕಾದ ಅರ್ಥವು ಈ ಕಟ್ಟಿನಲ್ಲಿ ಸಿಕ್ಕಿ ಸೊರಗುತ್ತದೆಂದು ಕಂಡ ಗೋವಿಂದ ಪೈಗಳು 1911ರಲ್ಲಿ ಆ ಪ್ರಾಸವನ್ನು ತೊರೆದು ಬರೆಯಲಾರಂಭಿಸಿದರು. ಸಂಪ್ರದಾಯದ ಪಂಡಿತರಿಂದ ಆಕ್ಷೇಪಣೆ ಬಂದಿತು, ಅವರು ಹಿಂಜರಿಯಲಿಲ್ಲ. ತಂದೆಯ ಮರಣವು ಮನುಷ್ಯನ ಕೈಮೀರಿದುದು, ಅದಕ್ಕೆ ತಲೆಬಾಗಬೇಕು. ಪ್ರಾಸನಿಯಮವು ಮನುಷ್ಯನೇ ಮಾಡಿದುದು. ಅದನ್ನು ಮನುಷ್ಯನು ತಿದ್ದಬಹುದು. ಎಲ್ಲಿ ಬಾಗಬೇಕು, ಎಲ್ಲಿ ನಿಲ್ಲಬೇಕು ಎಂಬ ವಿವೇಕವಿಲ್ಲದ ಒಪ್ಪಿಗೆಯು ಹೇಡಿತನವಾಗುತ್ತದೆ. ಆ ವಿವೇಕವಿಲ್ಲದ ಹೋರಾಟವು ಬಂಡೆಗೆ ತಲೆಬಡಿದುಕೊಂಡಂತಾಗುತ್ತದೆ.

ಎರಡನೆಯ ಪೆಟ್ಟು ಇನ್ನೂ ಆಳವಾದುದು. 1927ರಲ್ಲಿ ಅವರ ಧರ್ಮಪತ್ನಿ ಕೃಷ್ಣಾಬಾಯಿಯವರು ತೀರಿಕೊಂಡರು. ಪೈಗಳಿಗೆ ಆಗ ನಾಲ್ವತ್ತನಾಲ್ಕು ವರ್ಷ ವಯಸ್ಸು. ಮನೆಯ ದೀಪವು ನಂದಿದ ಮೇಲೆ ಉಳಿಯುವ ಕತ್ತಲೆಯನ್ನು ಬಲ್ಲವರೇ ಬಲ್ಲರು. ಹಿತೈಷಿಗಳು ಸಾಮಾನ್ಯವಾಗಿ ಮರೆತುಬಿಡಿ ಎನ್ನುತ್ತಾರೆ. ಆದರೆ ಮರೆಯುವುದು ಒಪ್ಪುವುದಲ್ಲ, ಕಣ್ಣುಮುಚ್ಚಿಕೊಳ್ಳುವುದು ಮಾತ್ರ. ಗೋವಿಂದ ಪೈಗಳು ಮರೆಯಲಿಲ್ಲ, ಮರೆತಂತೆ ನಟಿಸಲೂ ಇಲ್ಲ. ಅಗಲಿದ ಮಡದಿಯ ನೆನಪಿಗೆ ಕವಿತೆಗಳನ್ನು ಕಟ್ಟಿದರು. ಆ ಕವನಗಳಿಗೆ ಸಂದ ಹೆಸರು ‘ನಂದಾದೀಪ’ ಎಂಬುದು. ಗರ್ಭಗುಡಿಯಲ್ಲಿ ಹಗಲಿರುಳೂ ಉರಿಯುವ ನಂದಾದೀಪಕ್ಕೆ ದಿನವೂ ಎಣ್ಣೆಯೆರೆಯಬೇಕು, ದಿನವೂ ಕರಿಹಿಡಿದ ಬತ್ತಿಯನ್ನು ಚಿಮುಟಬೇಕು. ದುಃಖವನ್ನು ಒಪ್ಪುವುದೂ ಒಂದು ದಿನ ಮಾಡಿ ಮುಗಿಸುವ ಕೆಲಸವಲ್ಲ. ದಿನದಿನವೂ, ಕೆಲವೊಮ್ಮೆ ಗಳಿಗೆಗಳಿಗೆಗೂ, ಹೊಸದಾಗಿ ಮಾಡಬೇಕಾದ ನಿತ್ಯಪೂಜೆ. ಮುಂದಿನ ಮೂವತ್ತಾರು ವರ್ಷಗಳನ್ನು ಅವರು ಆ ಅಗಲಿಕೆಯನ್ನು ಜತೆಯಲ್ಲಿರಿಸಿಕೊಂಡೇ ಬಾಳಿದರು. ಬರಹದ ಕೈ ಮಾತ್ರ ನಿಲ್ಲಲಿಲ್ಲ. 1930ರಲ್ಲಿ ಅವರ ಪ್ರಥಮ ಕವನಸಂಗ್ರಹ ‘ಗಿಳಿವಿಂಡು’ ಹೊರಬಂದಿತು.

ಇಲ್ಲಿಂದ ಮುಂದೆ ಅವರ ಲೇಖನಿಯು ಆರಿಸಿಕೊಂಡ ವಸ್ತುಗಳನ್ನು ಗಮನಿಸಬೇಕು. ‘ಗೊಲ್ಗೊಥಾ’ ಎಂಬ ಖಂಡಕಾವ್ಯವು ಯೇಸುವಿನ ಕಡೆಯ ದಿನವನ್ನು ಚಿತ್ರಿಸುತ್ತದೆ. ಅದಕ್ಕೆ ಜೋಡಿಯಾಗಿ ಬಂದ ‘ವೈಶಾಖಿ’ಯು ಬುದ್ಧನ ಕಡೆಯ ದಿನವನ್ನು ಕುರಿತುದು. ‘ಹೆಬ್ಬೆರಳು’ ಎಂಬ ನಾಟಕವು ಗುರುದಕ್ಷಿಣೆಗಾಗಿ ಬೆರಳನ್ನಿತ್ತ ಏಕಲವ್ಯನನ್ನು ಕುರಿತುದು. ಶಿಲುಬೆಗೆ ಏರುವ ಮುನ್ನಾರಾತ್ರಿ ಯೇಸುವು ಈ ಪಾತ್ರೆ ತನ್ನಿಂದ ದೂರವಾಗಬಾರದೇ ಎಂದು ಮೊದಲು ಬೇಡಿ, ಬಳಿಕ ತಂದೆಯ ಚಿತ್ತದಂತಾಗಲಿ ಎಂದು ಶರಣಾದನೆಂದು ಕ್ರೈಸ್ತರ ಗ್ರಂಥಗಳು ಹೇಳುತ್ತವೆ. ಬುದ್ಧನು ಕಮ್ಮಾರ ಚುಂದನ ಮನೆಯ ಊಟದ ತರುವಾಯ ರೋಗಪೀಡಿತನಾಗಿ ಕುಸಿನಾರೆಯ ಸಾಲವೃಕ್ಷಗಳ ನಡುವೆ ಮಲಗಿದಾಗ, ಚುಂದನನ್ನು ಯಾರೂ ದೂರಬಾರದೆಂದು ಎಚ್ಚರಿಸಿ, ಅಳುತ್ತ ನಿಂತ ಆನಂದನನ್ನು ಕರೆದು ಸಂತೈಸಿದನೆಂದು ಬೌದ್ಧರ ಸಂಪ್ರದಾಯವಿದೆ. ನೋವಿಲ್ಲವೆಂದು ಇವರಾರೂ ಹೇಳಲಿಲ್ಲ. ನೋವಿನ ಎದುರಿನಲ್ಲಿ ಹಗೆಯನ್ನು ಮಾತ್ರ ಬಳಿಗೆ ಬಿಟ್ಟುಕೊಳ್ಳಲಿಲ್ಲ. ಶ್ರೀಮದನಂತೇಶ್ವರನ ಊರಿನ ಆಸ್ತಿಕ ಮನೆಯಲ್ಲಿ ಹುಟ್ಟಿದ ಕವಿಯೊಬ್ಬರು ಯೇಸುವನ್ನೂ ಬುದ್ಧನನ್ನೂ ಇಷ್ಟು ಆದರದಿಂದ ಕಂಡುದು, ದುಃಖಕ್ಕೆ ಜಾತಿಮತಗಳಿಲ್ಲವೆಂಬುದನ್ನು ತೋರಿಸುತ್ತದೆ.

ಗೀತಾಚಾರ್ಯನು ಬೋಧಿಸಿದ ತಿತಿಕ್ಷೆಯೂ ಇದೇ. ಚಳಿಬಿಸಿಲುಗಳಂತೆ ಸುಖದುಃಖಗಳು ಬಂದು ಹೋಗುವಂಥವು, ಅವನ್ನು ಸೈರಿಸಿ ಸ್ವಧರ್ಮವನ್ನು ಮಾಡು ಎಂಬುದೇ ಅದರ ಸಾರ. ಅರ್ಜುನನಿಗೆ ಕುಳಿತುಕೋ ಎಂದು ಹೇಳಲಿಲ್ಲ, ಏಳು ಎಂದು ಹೇಳಿದನಷ್ಟೆ. ತೀರ್ಥಪ್ರಸಾದವನ್ನು ಸ್ವೀಕರಿಸುವಾಗ ಯಾರೂ ಹೂವು ಸಣ್ಣದಾಯಿತೆಂದು ಅರ್ಚಕರೊಡನೆ ವಾದಿಸುವುದಿಲ್ಲ, ಕೈಯೊಡ್ಡಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಬದುಕಿನಲ್ಲಿ ಬಂದುದನ್ನು ಆ ಬುದ್ಧಿಯಿಂದ ಕಾಣುವುದನ್ನೇ ಹಿರಿಯರು ಪ್ರಸಾದಬುದ್ಧಿ ಎಂದು ಕರೆದರು. ಆಧುನಿಕ ಮನಶ್ಶಾಸ್ತ್ರವೂ ಈಚೆಗೆ ಇದೇ ಹಾದಿಗೆ ಬಂದಿದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹಾನ್ ಎಂಬವರು 1993ರಲ್ಲಿ ಪ್ರಕಟಿಸಿದ ತಮ್ಮ ಚಿಕಿತ್ಸಾಕ್ರಮದಲ್ಲಿ, ತೀವ್ರವಾದ ಮನೋವ್ಯಥೆಯಿಂದ ಬಳಲುವವರಿಗೆ ವಾಸ್ತವವನ್ನು ಪೂರ್ಣವಾಗಿ ಒಪ್ಪುವುದನ್ನು ಕಲಿಸುತ್ತಾರೆ. ನೋವು ತಪ್ಪದು, ಅದನ್ನು ಒಪ್ಪದ ಹಠವೇ ನೋವನ್ನು ಸಂಕಟವಾಗಿಸುವುದು, ಆದುದರಿಂದ ಮನಸ್ಸನ್ನು ಮರಳಿ ಮರಳಿ ಒಪ್ಪಿಗೆಯ ಕಡೆಗೆ ತಿರುಗಿಸಬೇಕು ಎಂಬುದು ಆ ಕ್ರಮದ ತಿರುಳು. ಬಿಗಿದ ಮುಷ್ಟಿಯನ್ನು ಸಡಿಲಿಸಿ ಅಂಗೈಯನ್ನು ಮೇಲ್ಮುಖವಾಗಿ ತೆರೆದಿರಿಸುವುದೂ ಅಲ್ಲಿ ಒಂದು ಅಭ್ಯಾಸ. ಪ್ರಸಾದಕ್ಕೆ ಕೈಯೊಡ್ಡಿ ಬಲ್ಲವರಿಗೆ ಇದು ಹೊಸತೆನಿಸದು.

ಕೀರ್ತಿಯೂ ಪೈಗಳನ್ನು ಹುಡುಕಿಕೊಂಡು ಬಂದಿತು. 1949ರಲ್ಲಿ ಮದರಾಸು ಸರಕಾರವು ಅವರಿಗೆ ರಾಷ್ಟ್ರಕವಿ ಎಂಬ ಬಿರುದನ್ನಿತ್ತಿತು. 1951ರಲ್ಲಿ ಮುಂಬಯಿಯಲ್ಲಿ ನೆರೆದ 34ನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಇಷ್ಟಾದರೂ ಮಂಜೇಶ್ವರದ ಮನೆಯನ್ನು ಬಿಟ್ಟು ದೊಡ್ಡ ಪಟ್ಟಣಗಳಲ್ಲಿ ನೆಲೆಸಲಿಲ್ಲ.

ಮೂರನೆಯ ಪೆಟ್ಟು ಒಬ್ಬರ ಮನೆಗೆ ಬಿದ್ದುದಲ್ಲ, ಒಂದು ಸೀಮೆಗೇ ಬಿದ್ದುದು. 1956ರ ನವೆಂಬರ್ 1ರಂದು ಭಾಷಾವಾರು ರಾಜ್ಯಗಳು ರೂಪುಗೊಂಡಾಗ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಕನ್ನಡ ನಾಡು ಒಂದಾಗುವ ದಿನವನ್ನು ಕಾದಿದ್ದ ಕವಿಯ ಮನೆಯು ಆ ನಾಡಿನ ಗೆರೆಯ ಹೊರಗೆ ಉಳಿಯಿತು. ಪೈಗಳಿಗೆ ಎಪ್ಪತ್ತಮೂರು ವರ್ಷ. ಇದು ಅವರಿಗೆ ಬಹಳ ನೋವಿನ ಸಂಗತಿಯಾಯಿತು. ತಂದೆಯ ಮರಣದಂತೆ ದೈವಕೃತವೂ ಅಲ್ಲದ, ಪ್ರಾಸದಂತೆ ಒಬ್ಬನೇ ತೊರೆಯಬಹುದಾದುದೂ ಅಲ್ಲದ ಸಂಗತಿಯಿದು. ಇಂತಹ ಕಡೆಯಲ್ಲಿಯೇ ಒಪ್ಪಿಗೆಯ ನಿಜವಾದ ಪರೀಕ್ಷೆ. ಗೆರೆಯು ಎಳೆಯಲ್ಪಟ್ಟಿದೆ ಎಂಬ ಸಂಗತಿಯನ್ನು ಒಪ್ಪುವುದು ಬೇರೆ. ಗೆರೆಯು ನ್ಯಾಯವೆಂದು ಒಪ್ಪುವುದು ಬೇರೆ. ಚಂದ್ರಗಿರಿಯ ಉತ್ತರದ ಕನ್ನಡಿಗರ ಅಹವಾಲು ಮುಂದುವರಿಯಿತು. 1967ರ ಮಹಾಜನ ಆಯೋಗದ ವರದಿಯು ಆ ಭಾಗವು ಮೈಸೂರಿಗೆ ಸೇರಬೇಕೆಂದು ಶಿಫಾರಸು ಮಾಡಿತು, ಅದು ಕಾರ್ಯಗತವಾಗಲಿಲ್ಲ. ಅದನ್ನು ಕಾಣಲು ಪೈಗಳು ಬದುಕಿರಲಿಲ್ಲ. ಬದುಕಿದ್ದ ಉಳಿದ ಏಳು ವರ್ಷಗಳನ್ನು ಅವರು ಕನ್ನಡದ ಕೆಲಸವನ್ನು ಬಿಡದೆ ಕಳೆದರು. ಇಪ್ಪತ್ತಕ್ಕೂ ಹೆಚ್ಚು ಭಾಷೆಗಳನ್ನು ಪ್ರೀತಿಸಿ ಕಲಿತವರಿಗೆ ಯಾವ ಭಾಷೆಯಾದರೂ ಹಗೆಯಾಗುವುದೆಂತು?

1963ರ ಸೆಪ್ಟೆಂಬರ್ 6ರಂದು ಗೋವಿಂದ ಪೈಗಳು ದೈವಾಧೀನರಾದರು. ಪದವಿಯಿಲ್ಲದೆ ಮದರಾಸಿನಿಂದ ಮರಳಿದ ಅವರ ಹೆಸರಿನಲ್ಲಿ ಇಂದು ಮಂಜೇಶ್ವರದಲ್ಲಿ ಸರಕಾರಿ ಕಾಲೇಜು ನಡೆಯುತ್ತಿದೆ. ಅಲ್ಲಿಂದ ವರ್ಷವರ್ಷವೂ ಮಕ್ಕಳು ಪದವಿ ಪಡೆದು ಹೊರಬರುತ್ತಾರೆ. ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿನಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರವಿದೆ. ಗಡಿಯ ದೆಸೆಯಿಂದ ನೊಂದ ಅವರ ಮನೆಯ ನೆಲದಲ್ಲಿ ‘ಗಿಳಿವಿಂಡು’ ಎಂಬ ಸ್ಮಾರಕವು ಕನ್ನಡ, ಮಲಯಾಳ, ತುಳು, ಕೊಂಕಣಿಗಳನ್ನಾಡುವ ಎಲ್ಲರಿಗೂ ಬಾಗಿಲು ತೆರೆದು ನಿಂತಿದೆ. ಕಳೆದುಕೊಂಡುದೇ ಮತ್ತೊಂದು ರೂಪದಲ್ಲಿ, ಮತ್ತೊಬ್ಬರ ಕೈಗೆ ಸಂದಿದೆ.

ಪ್ರತಿ ಮನೆಯಲ್ಲಿಯೂ ಒಂದಲ್ಲ ಒಂದು ಜೀರ್ಣವಾದ ತೊಲೆಯಿರುತ್ತದೆ. ಅಕಾಲದಲ್ಲಿ ಅಗಲಿದವರ ನೆನಪು, ಕೈಗೂಡದ ವಿದ್ಯೆ, ದೂರದೇಶಕ್ಕೆ ಹೋಗಿ ಮರಳದ ಮಗ, ಮುರಿದ ಸಂಬಂಧ. ಅದನ್ನು ಹೂಮಾಲೆಯಿಂದ ಮುಚ್ಚಿದರೆ ಮಾಡು ನಿಲ್ಲದು. ದೇವರ ಮುಂದೆ ನಿಂತು ಇದು ಹೀಗಿದೆ ಎಂದು ಒಮ್ಮೆ ಹೇಳಿಕೊಳ್ಳುವ ಧೈರ್ಯ ಬಂದರೆ, ಅಲ್ಲಿಂದ ಮುಂದಕ್ಕೆ ಕೆಲಸಗಾರನ ಕೈ ನಡೆಯುತ್ತದೆ. ಸನ್ನಿಧಿಗೆ ಬರುವ ಭಕ್ತರೆಲ್ಲರಿಗೂ ಭಗವಂತನು ಆ ಧೈರ್ಯವನ್ನು ಕರುಣಿಸಲಿ. ದೇವಾಲಯದ ಜೀರ್ಣೋದ್ಧಾರದೊಡನೆ ಮನೋಮಂದಿರಗಳ ಜೀರ್ಣೋದ್ಧಾರವೂ ನೆರವೇರಲಿ.