ವಿಜ್ಞಾನಮಂದಿರದ ಬಾಗಿಲು ತೆರೆದವರು

ವಿಶ್ವವಿದ್ಯಾಲಯದ ಆಶ್ರಯವಿಲ್ಲದೆ ಶಾಸ್ತ್ರಶೋಧನೆ ಸಾಗದೆಂದು ನಂಬಿದವರು ನಮ್ಮಲ್ಲಿ ಬಹುಮಂದಿ. ಅವರು ಡಾಕ್ಟರ್ ಮಹೇಂದ್ರಲಾಲ ಸರ್ಕಾರರ ಚರಿತ್ರೆಯನ್ನು ಅವಶ್ಯವಾಗಿ ತಿಳಿಯತಕ್ಕದ್ದು.

ಈ ಮಹನೀಯರು 1833 ರಲ್ಲಿ ವಂಗದೇಶದ ಹಳ್ಳಿಯೊಂದರಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು, ಕಲ್ಕತ್ತೆಯಲ್ಲಿ ಸೋದರಮಾವಂದಿರ ಪೋಷಣೆಯಲ್ಲಿ ಬೆಳೆದರು. 1863 ರಲ್ಲಿ ಎಂ.ಡಿ. ಪದವಿ ಪಡೆದು ಪ್ರಖ್ಯಾತ ವೈದ್ಯರಾದರು. ಮೊದಲು ಹೋಮಿಯೋಪತಿಯನ್ನು ಖಂಡಿಸುತ್ತಿದ್ದವರು, ಮನಸ್ಸು ತಿರುಗಿ, 1867 ರಲ್ಲಿ ವೈದ್ಯರ ಸಭೆಯಲ್ಲಿಯೇ ಅದನ್ನು ಎತ್ತಿಹಿಡಿದರು. ಸಹೋದ್ಯೋಗಿಗಳು ಬಹಿಷ್ಕರಿಸಿದರು; ರೋಗಿಗಳು ದೂರವಾದರು. ಇಂದಿನ ವಿಜ್ಞಾನವು ಆ ಪದ್ಧತಿಯನ್ನು ಸಮರ್ಥಿಸುವುದಿಲ್ಲ. ಆದರೂ ತಮಗೆ ಸತ್ಯವೆಂದು ತೋರಿದುದಕ್ಕಾಗಿ ಸಂಪಾದನೆಯನ್ನೇ ಪಣವಿಟ್ಟ ಧೈರ್ಯವು ಸಾಮಾನ್ಯವಲ್ಲ.

ಆಗಿನ ಕಲ್ಕತ್ತೆಯ ವಿಶ್ವವಿದ್ಯಾಲಯವು ಪರೀಕ್ಷೆ ನಡೆಸಿ ಪದವಿ ಕೊಡುವ ಸಂಸ್ಥೆಯಾಗಿದ್ದಿತು. ಶೋಧನೆಗೆ ಅಲ್ಲಿ ಎಡೆಯಿರಲಿಲ್ಲ. ದೇಶೀಯರ ಧನದಿಂದ, ದೇಶೀಯರದೇ ಆಡಳಿತದಲ್ಲಿ ವಿಜ್ಞಾನಮಂದಿರವೊಂದು ಏಳಬೇಕೆಂದು ಮಹೇಂದ್ರಲಾಲರು 1869 ರಲ್ಲಿ ತಮ್ಮ ವೈದ್ಯಪತ್ರಿಕೆಯಲ್ಲಿ ಬರೆದರು. ಚಂದಾ ಕೂಡುವುದಕ್ಕೆ ವರ್ಷಗಳೇ ಹಿಡಿದವು. ಶುದ್ಧವಿಜ್ಞಾನದಿಂದ ಹೊಟ್ಟೆ ತುಂಬದು, ಕೈಗಾರಿಕಾ ಶಾಲೆಯೇ ಮೇಲೆಂದು ವಾದಿಸಿದವರೂ ಇದ್ದರು. ಅವರು ಬಗ್ಗಲಿಲ್ಲ. 1876 ರ ಜುಲೈ 29 ರಂದು ಭಾರತೀಯ ವಿಜ್ಞಾನ ಸಂವರ್ಧನ ಸಂಘವು ಸ್ಥಾಪಿತವಾಯಿತು. ಪಾದ್ರಿ ಲಾಫೋ ಅವರು ಅಲ್ಲಿ ಭೌತಶಾಸ್ತ್ರದ ಉಪನ್ಯಾಸಗಳನ್ನಿತ್ತರು. ಪ್ರಯೋಗಶಾಲೆಗೆ ಆಂಧ್ರದ ವಿಜಯನಗರಂ ಮಹಾರಾಜರು ಧನಸಹಾಯ ಮಾಡಿದರು.

ಆದರೆ ವೇತನ ಕೊಟ್ಟು ಪ್ರಾಧ್ಯಾಪಕರನ್ನು ನಿಲ್ಲಿಸುವಷ್ಟು ನಿಧಿಯು ಕೂಡಲಿಲ್ಲ. ಆ ಕೊರಗಿನಲ್ಲಿಯೇ 1904 ರ ಫೆಬ್ರವರಿ 23 ರಂದು ಅವರು ಕಾಲವಶರಾದರು.

ಮೂರು ವರ್ಷಗಳ ತರುವಾಯ, 1907 ರಲ್ಲಿ, ಹಣಕಾಸಿನ ಇಲಾಖೆಯ ತರುಣ ಅಧಿಕಾರಿಯೊಬ್ಬರು ಬೌಬಜಾರಿನಲ್ಲಿ ಈ ಸಂಘದ ಫಲಕವನ್ನು ಕಂಡು ಒಳಹೊಕ್ಕರು. ಅವರೇ ಚಂದ್ರಶೇಖರ ವೆಂಕಟರಾಮನ್. ಹಗಲೆಲ್ಲ ಕಚೇರಿಯ ಲೆಕ್ಕ, ಬೆಳಗ್ಗೆ ಸಂಜೆ ಪ್ರಯೋಗ. ಸಂಘದ ಕಾರ್ಯದರ್ಶಿಗಳಾಗಿದ್ದ ಮಹೇಂದ್ರಲಾಲರ ಪುತ್ರ ಅಮೃತಲಾಲರು ಅವರನ್ನು ಆದರದಿಂದ ಬರಮಾಡಿಕೊಂಡಿದ್ದರು. 1917 ರಲ್ಲಿ ಪ್ರಾಧ್ಯಾಪಕರಾದ ಮೇಲೆಯೂ ರಾಮನ್ನರು ಆ ಮಂದಿರವನ್ನು ಬಿಡಲಿಲ್ಲ. 1928 ರಲ್ಲಿ ಬೆಳಕಿನ ಚದರುವಿಕೆಯ ಹೊಸ ಪರಿಣಾಮವು ಅಲ್ಲಿಯೇ ಗೋಚರಿಸಿತು. 1930 ರಲ್ಲಿ ನೊಬೆಲ್ ಬಹುಮಾನವು ಬಂದಿತು. 1933 ರಲ್ಲಿ ಅವರು ನಮ್ಮ ಬೆಂಗಳೂರಿಗೆ ಬಂದುದನ್ನು ವಾಚಕರು ಬಲ್ಲರು.

ನೆಟ್ಟವರು ಫಲವನ್ನು ಕಾಣಲಿಲ್ಲ. ಆದರೆ ಬಾಗಿಲು ತೆರೆದಿಟ್ಟಿದ್ದರಿಂದಲ್ಲವೆ ದಾರಿಹೋಕ ಅಧಿಕಾರಿಯು ವಿಜ್ಞಾನಿಯಾದುದು? ಕಚೇರಿ ಮುಗಿದ ಮೇಲಿನ ಎರಡು ಗಂಟೆಗಳು ನಮಗೂ ಉಂಟು. ಊರೂರಿಗೆ ಅಂಥ ಬಾಗಿಲೊಂದನ್ನು ತೆರೆಯುವ ಹೊಣೆಯು ಧನಿಕರದು.