ನಮ್ಮ ಸಂಸದರ ಪತ್ನಿ, ದಿಲ್ಲಿಯಲ್ಲಿ ಗೃಹ ಖಾತೆ ಉಪಮಂತ್ರಿ: ವಯಲೆಟ್ ಆಳ್ವ ಸದನದಲ್ಲಿ ಮಾಡಿದ್ದೇನು?

ಹೊನ್ನಾವರ: ಚುನಾವಣೆ ಹತ್ತಿರ ಬಂತೆಂದರೆ ಕರ್ಕಿ, ಹೊನ್ನಾವರ, ಕುಮಟಾ ಕಡೆಯ ಚಾ ಅಂಗಡಿಗಳಲ್ಲಿ ಒಂದು ಲೆಕ್ಕ ಶುರುವಾಗುತ್ತದೆ. ನಮ್ಮ ಎಂಪಿ ದಿಲ್ಲಿಯಲ್ಲಿ ಎಷ್ಟು ಸಲ ಬಾಯಿ ಬಿಟ್ಟರು, ಎಷ್ಟು ಪ್ರಶ್ನೆ ಕೇಳಿದರು, ಹಾಜರಿ ಎಷ್ಟು ಅಂತ. ಈಗ ಮೊಬೈಲಿನಲ್ಲೇ ಅಂಕಿ ಸಿಗುತ್ತದೆ, ಗಲ್ಲಾಪೆಟ್ಟಿಗೆ ಮುಂದೆ ಕೂತೇ ನೋಡಬಹುದು.

ಆದರೆ ಎಂಪಿ ಮಂತ್ರಿಯಾದರೆ ಈ ಲೆಕ್ಕ ಪೂರಾ ತಲೆಕೆಳಗಾಗುತ್ತದೆ. ಮಂತ್ರಿ ಹಾಜರಿ ಪುಸ್ತಕಕ್ಕೆ ಸಹಿ ಹಾಕಬೇಕಿಲ್ಲ. ಪ್ರಶ್ನೆ ಕೇಳುವುದಿಲ್ಲ, ಕೇಳಿದ್ದಕ್ಕೆ ಉತ್ತರ ಕೊಡುತ್ತಾರೆ. ಇನ್ನು ಸಭಾಪತಿಯ ಪೀಠದಲ್ಲಿ ಕೂತವರಂತೂ ಕೇಳುವವರೂ ಅಲ್ಲ, ಉತ್ತರಿಸುವವರೂ ಅಲ್ಲ. ಹಾಗಾದರೆ ಅವರ ಕೆಲಸವನ್ನು ಅಳೆಯುವುದು ಹೇಗೆ?

ಈ ಮೂರೂ ಜಾಗದಲ್ಲಿ ಕೂತು ಕೆಲಸ ಮಾಡಿದ ಒಬ್ಬ ಹೆಣ್ಣುಮಗಳು ನಮ್ಮ ಜಿಲ್ಲೆಗೆ ಹತ್ತಿರದವರೇ ಆಗಿದ್ದರು. ವಯಲೆಟ್ ಆಳ್ವ. ಅವರ ಪತಿ ಜೋಕಿಂ ಆಳ್ವ ಅವರನ್ನು 1952, 1957, 1962 ಹೀಗೆ ಮೂರು ಸಲ ಕೆನರಾ ಕ್ಷೇತ್ರದಿಂದ ಲೋಕಸಭೆಗೆ ಕಳಿಸಿದವರು ನಮ್ಮ ಅಜ್ಜ ಅಜ್ಜಿಯರು. ಮೊದಲ ಎರಡು ಚುನಾವಣೆಯಲ್ಲಿ ಚೀಟಿಗೆ ಮುದ್ರೆ ಒತ್ತುವ ಪದ್ಧತಿ ಇರಲಿಲ್ಲ. ಒಬ್ಬೊಬ್ಬ ಅಭ್ಯರ್ಥಿಗೂ ಬೇರೆ ಬೇರೆ ಪೆಟ್ಟಿಗೆ, ಅದರ ಮೇಲೆ ಗುರುತಿನ ಚಿತ್ರ. ಕಾಂಗ್ರೆಸ್ಸಿನದು ಜೋಡೆತ್ತು. ಆ ಪೆಟ್ಟಿಗೆಗೆ ಚೀಟಿ ಹಾಕಿ ಬಂದವರಿಗೆ, ಆಳ್ವರ ಮನೆಯಿಂದ ಇನ್ನೊಬ್ಬರು ಸಂಸತ್ತಿನ ಮತ್ತೊಂದು ಸದನದಲ್ಲಿ ಕೂರುತ್ತಾರೆ ಅಂತ ಎಷ್ಟು ಮಂದಿಗೆ ಗೊತ್ತಿತ್ತೋ.

ವಯಲೆಟ್ ಹುಟ್ಟಿದ್ದು 1908ರ ಏಪ್ರಿಲ್ 24ರಂದು, ಅಹಮದಾಬಾದಿನಲ್ಲಿ. ಹುಟ್ಟಿನ ಹೆಸರು ವಯಲೆಟ್ ಹರಿ. ಒಂಬತ್ತು ಮಕ್ಕಳಲ್ಲಿ ಎಂಟನೆಯವರು. ತಂದೆ ಲಕ್ಷ್ಮಣ ಹರಿ ಕ್ರೈಸ್ತ ಪಾದ್ರಿ, ಆಂಗ್ಲಿಕನ್ ಚರ್ಚಿನಲ್ಲಿ ಆ ಸ್ಥಾನಕ್ಕೆ ಬಂದ ಮೊದಮೊದಲ ಭಾರತೀಯರಲ್ಲಿ ಒಬ್ಬರು. ಹದಿನಾರಕ್ಕೇ ಅಪ್ಪ ಅಮ್ಮ ಇಬ್ಬರನ್ನೂ ಕಳೆದುಕೊಂಡ ಹುಡುಗಿಯನ್ನು ಅಣ್ಣ ಅಕ್ಕಂದಿರು ಓದಿಸಿದರು. ಬೊಂಬಾಯಿಯ ಸೇಂಟ್ ಝೇವಿಯರ್ಸ್ ಕಾಲೇಜು, ಆಮೇಲೆ ಸರ್ಕಾರಿ ಲಾ ಕಾಲೇಜು. ಮಹಿಳಾ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪಾಠವನ್ನೂ ಮಾಡಿದರು.

1937ರಲ್ಲಿ ಜೋಕಿಂ ಆಳ್ವರ ಜೊತೆ ಮದುವೆ. ಜೋಕಿಂ ದಕ್ಷಿಣ ಕನ್ನಡ ಮೂಲದ ಕೆಥೊಲಿಕ್ ವಕೀಲ, ಸ್ವಾತಂತ್ರ್ಯ ಚಳವಳಿಯಲ್ಲಿ ಮತ್ತೆ ಮತ್ತೆ ಜೈಲು ಕಂಡವರು. ಹೆಂಡತಿಯೂ ಹಿಂದೆ ಉಳಿಯಲಿಲ್ಲ. 1943ರಲ್ಲಿ ಬ್ರಿಟಿಷ್ ಸರ್ಕಾರ ವಯಲೆಟ್ ಅವರನ್ನು ಬಂಧಿಸಿದಾಗ ಐದು ತಿಂಗಳ ಕೂಸು ಚಿತ್ತರಂಜನ್ ತಾಯಿಯ ತೋಳಿನಲ್ಲೇ ಆರ್ಥರ್ ರೋಡ್ ಜೈಲಿಗೆ ಹೋಯಿತು. ಮರುವರ್ಷ, 1944ರಲ್ಲಿ, ಹೈಕೋರ್ಟಿನ ಪೂರ್ಣ ಪೀಠದ ಮುಂದೆ ವಾದ ಮಾಡಿದ ದೇಶದ ಮೊದಲ ಮಹಿಳಾ ವಕೀಲೆ ಎಂದು ಅವರ ಹೆಸರು ದಾಖಲಾಯಿತು. ಜೈಲಿಗೂ ಹೈಕೋರ್ಟಿಗೂ ನಡುವೆ ಒಂದೇ ವರ್ಷ, ನೋಡಿ.

ಗಂಡ ಫೋರಂ ಅನ್ನುವ ಇಂಗ್ಲಿಷ್ ವಾರಪತ್ರಿಕೆ ನಡೆಸುತ್ತಿದ್ದರು. ಹೆಂಡತಿ ಮಹಿಳೆಯರಿಗಾಗಿ ಬೇಗಂ ಎಂಬ ಪತ್ರಿಕೆ ಶುರು ಮಾಡಿದರು, ಮುಂದೆ ಅದರ ಹೆಸರು ಇಂಡಿಯನ್ ವುಮೆನ್ ಎಂದಾಯಿತು. ಸ್ವಾತಂತ್ರ್ಯ ಬಂದ ಮೇಲೆ ಬೊಂಬಾಯಿಯಲ್ಲಿ ಗೌರವ ಮ್ಯಾಜಿಸ್ಟ್ರೇಟ್ ಆದರು. 1948ರಿಂದ 1954ರವರೆಗೆ ಬಾಲಾಪರಾಧಿಗಳ ನ್ಯಾಯಾಲಯದ ಅಧ್ಯಕ್ಷೆ.

1952ರಲ್ಲಿ ಹೊಸ ಸಂಸತ್ತು ಕೂಡಿತು. ಕೆನರಾದಿಂದ ಜೋಕಿಂ ಲೋಕಸಭೆಗೆ, ಬೊಂಬಾಯಿ ರಾಜ್ಯದಿಂದ ವಯಲೆಟ್ ರಾಜ್ಯಸಭೆಗೆ. ಗಂಡ ಹೆಂಡತಿ ಇಬ್ಬರೂ ಒಟ್ಟಿಗೇ ಸಂಸತ್ತಿನಲ್ಲಿ ಕೂತ ಮೊದಲ ಜೋಡಿ ಇದೇ ಎನ್ನುತ್ತಾರೆ. ಆಗ ಕರ್ಕಿಯೂ ಬೊಂಬಾಯಿ ರಾಜ್ಯಕ್ಕೇ ಸೇರಿತ್ತು. ಹಾಗಾಗಿ ಇಬ್ಬರೂ ಒಂದು ಲೆಕ್ಕದಲ್ಲಿ ನಮ್ಮ ರಾಜ್ಯದವರೇ. ರಾಜ್ಯಸಭೆಗೆ ಜನ ನೇರ ಮತ ಹಾಕುವುದಿಲ್ಲ, ಶಾಸಕರು ಹಾಕುತ್ತಾರೆ ಅನ್ನುವುದು ಗೊತ್ತೇ ಇದೆ. ಮೊದಲ ರಾಜ್ಯಸಭೆಯಲ್ಲಿದ್ದ ಮಹಿಳೆಯರು ಬರೀ ಹದಿನೈದು.

ಈ ಮೊದಲ ಐದು ವರ್ಷ ಅವರು ಕೇಳುವವರ ಸಾಲಿನಲ್ಲಿದ್ದರು. ಏನೆಲ್ಲ ಮಾತಾಡಿದರು ಅಂತ ನೋಡಿದರೆ ಆಶ್ಚರ್ಯವಾಗುತ್ತದೆ. ಕುಟುಂಬ ಯೋಜನೆ ಬೇಕು ಅಂದರು. 1950ರ ದಶಕದಲ್ಲಿ ಕ್ರೈಸ್ತ ಹೆಣ್ಣುಮಗಳೊಬ್ಬಳು ತುಂಬಿದ ಸದನದಲ್ಲಿ ಅದನ್ನು ಹೇಳುವುದು ಸಣ್ಣ ಮಾತಲ್ಲ. ಪ್ರಯೋಗಾಲಯಗಳಲ್ಲಿ ಬಳಸುವ ಪ್ರಾಣಿಗಳ ಬಗ್ಗೆ ಮಾತಾಡಿದರು. ವಿದೇಶಿ ಬಂಡವಾಳ ತರುವಾಗ ಹುಷಾರಾಗಿರಿ ಎಂದು ಸರ್ಕಾರಕ್ಕೆ ಎಚ್ಚರಿಸಿದರು. ರಕ್ಷಣೆ, ಅದರಲ್ಲೂ ನೌಕಾದಳದ ವಿಷಯದಲ್ಲಿ ಅವರಿಗೆ ವಿಶೇಷ ಆಸಕ್ತಿ. ಇವತ್ತು ಕಾರವಾರದಲ್ಲಿ ನೌಕಾನೆಲೆ ನೋಡುತ್ತಿರುವ ನಮಗೆ ಇದು ಕಿವಿಗೆ ಬೀಳಬೇಕಾದ ಸಂಗತಿ. ಭಾಷಾವಾರು ರಾಜ್ಯಗಳ ಪರವಾಗಿಯೂ ನಿಂತರು. 1956ರ ನವೆಂಬರ್ 1ಕ್ಕೆ ನಮ್ಮ ಜಿಲ್ಲೆ ಬೊಂಬಾಯಿ ಬಿಟ್ಟು ಮೈಸೂರು ರಾಜ್ಯ ಸೇರಿದ್ದು ಆ ವಾದ ಗೆದ್ದದ್ದರಿಂದಲೇ.

1957ರ ಚುನಾವಣೆಯ ಬಳಿಕ ನೆಹರೂ ಸಂಪುಟ ರಚನೆಯಾದಾಗ ವಯಲೆಟ್ ಗೃಹ ಖಾತೆಯ ಉಪಮಂತ್ರಿಯಾದರು. ಮಂತ್ರಿಗಳಲ್ಲಿ ಮೂರು ಮೆಟ್ಟಿಲು: ಮೇಲೆ ಸಂಪುಟ ಸಚಿವ, ಆಮೇಲೆ ರಾಜ್ಯ ಸಚಿವ, ಕೆಳಗೆ ಉಪಮಂತ್ರಿ. ಆಗ ಗೃಹ ಸಚಿವರು ಗೋವಿಂದ ವಲ್ಲಭ ಪಂತ್. 1961ರಲ್ಲಿ ಅವರು ತೀರಿಕೊಂಡ ಮೇಲೆ ಲಾಲ್ ಬಹಾದೂರ್ ಶಾಸ್ತ್ರಿ ಬಂದರು. ರಾಜ್ಯ ಸಚಿವರು ಬೆಳಗಾವಿಯ ಸಂಸದ ಬಿ.ಎನ್. ದಾತಾರ್. ಅದೇ ಸರ್ಕಾರದಲ್ಲಿ ಧಾರವಾಡದ ಡಿ.ಪಿ. ಕರ್ಮರ್ಕರ್ ಆರೋಗ್ಯ ಮಂತ್ರಿ. ನಮ್ಮ ಭಾಗಕ್ಕೆ ಅಷ್ಟು ಮಂತ್ರಿಗಿರಿ ಆ ಮೇಲೆ ಸಿಕ್ಕಿತೋ ಇಲ್ಲವೋ, ಓದುಗರೇ ಲೆಕ್ಕ ಹಾಕಿಕೊಳ್ಳಲಿ.

ಆ ಐದು ವರ್ಷ ಗೃಹ ಖಾತೆ ಆರಾಮದ ಖಾತೆ ಆಗಿರಲಿಲ್ಲ. 1959ರಲ್ಲಿ ಕೇರಳದ ಕಮ್ಯುನಿಸ್ಟ್ ಸರ್ಕಾರವನ್ನು ವಜಾ ಮಾಡಿದ್ದು, 1960ರಲ್ಲಿ ಬೊಂಬಾಯಿ ರಾಜ್ಯ ಒಡೆದು ಮಹಾರಾಷ್ಟ್ರ, ಗುಜರಾತ್ ಆದದ್ದು, ಅದೇ ವರ್ಷ ಕೇಂದ್ರ ನೌಕರರ ಮುಷ್ಕರ, ಅಸ್ಸಾಮಿನ ಭಾಷಾ ಗಲಭೆ. ಬೆಳಗಾವಿಯ ಜೊತೆಗೆ ನಮ್ಮ ಕಾರವಾರ, ಹಳಿಯಾಳ, ಸೂಪಾವನ್ನೂ ಕೇಳುತ್ತಿದ್ದ ಗಡಿ ತಕರಾರು ಕೂಡ ಗೃಹ ಖಾತೆಯ ಮೇಜಿನ ಮೇಲೇ ಇತ್ತು.

ಉಪಮಂತ್ರಿಯ ದಿನ ಹೇಗಿರುತ್ತದೆ ಅಂತ ಅಂಗಡಿ ಲೆಕ್ಕದಲ್ಲಿ ಹೇಳಬೇಕೆಂದರೆ, ಸಾಹುಕಾರ್ರು ಪೇಟೆಗೆ ಹೋದಾಗ ಗಲ್ಲಾದಲ್ಲಿ ಕೂತವರ ಹಾಗೆ. ಬಂದ ಗಿರಾಕಿಗೆಲ್ಲ ಉತ್ತರ ಹೇಳಬೇಕು, ದರ ಮಾತ್ರ ಸ್ವಂತಕ್ಕೆ ನಿಗದಿ ಮಾಡುವ ಹಾಗಿಲ್ಲ. ಚುಕ್ಕೆ ಗುರುತಿನ ಪ್ರಶ್ನೆಗೆ ಎದ್ದು ನಿಂತು ಉತ್ತರ ಓದಬೇಕು. ಅದು ಮುಗಿದ ಕೂಡಲೇ ನಾಲ್ಕು ಕಡೆಯಿಂದ ಉಪಪ್ರಶ್ನೆ. ಅವಕ್ಕೆ ಬರೆದಿಟ್ಟ ಉತ್ತರ ಇರುವುದಿಲ್ಲ. ಕಡತ ಓದಿಕೊಂಡು ಬಂದವರು ಉಳಿಯುತ್ತಾರೆ, ಬಾರದವರು ಆಮೇಲೆ ಮಾಹಿತಿ ಕೊಡುತ್ತೇನೆ ಅಂತ ಕೂರುತ್ತಾರೆ. ಮಂತ್ರಿಯ ಸಂಸತ್ ಕೆಲಸ ಗೊತ್ತಾಗುವುದು ಇಲ್ಲೇ. ಎಷ್ಟು ಸಲ ಮಾತಾಡಿದರು ಅನ್ನುವುದಕ್ಕಿಂತ, ಕೊಟ್ಟ ಭರವಸೆಗಳಲ್ಲಿ ಎಷ್ಟು ಈಡೇರಿತು ಅನ್ನುವುದನ್ನು ನೋಡಬೇಕು. ಸದನದಲ್ಲಿ ಮಂತ್ರಿಗಳು ಕೊಟ್ಟ ಮಾತನ್ನು ಬೆನ್ನುಹತ್ತುವುದಕ್ಕೆಂದೇ ಭರವಸೆಗಳ ಸಮಿತಿ ಅಂತ ಒಂದಿದೆ. ಲೋಕಸಭೆಯಲ್ಲಿ ಅದು 1953ರಿಂದಲೇ ಇದೆ. ಅದರ ವರದಿಗಳನ್ನು ನಮ್ಮ ಕಡೆ ಯಾರೂ ಓದುವುದಿಲ್ಲ, ಅದು ಬೇರೆ ಮಾತು.

ಇನ್ನೊಂದು ಸ್ವಾರಸ್ಯ. ಸಂವಿಧಾನದ 88ನೇ ವಿಧಿಯ ಪ್ರಕಾರ ಮಂತ್ರಿಯಾದವರು ಎರಡೂ ಸದನದಲ್ಲಿ ಮಾತಾಡಬಹುದು. ಮತ ಮಾತ್ರ ತಮ್ಮ ಸದನದಲ್ಲಿ. ಅಂದರೆ ರಾಜ್ಯಸಭೆಯ ವಯಲೆಟ್ ಲೋಕಸಭೆಗೆ ಬಂದೂ ಉತ್ತರ ಹೇಳಬಹುದಿತ್ತು, ಎದುರಿಗೆ ಕೆನರಾದ ಸಂಸದರಾಗಿ ಅವರ ಯಜಮಾನ್ರೇ ಕೂತಿರುತ್ತಿದ್ದರು!

1960ರಲ್ಲಿ ವಯಲೆಟ್ ಮೈಸೂರು ರಾಜ್ಯದಿಂದ ರಾಜ್ಯಸಭೆಗೆ ಆಯ್ಕೆಯಾದರು, 1966ರಲ್ಲಿ ಮತ್ತೊಮ್ಮೆ. ಗುಜರಾತಿನಲ್ಲಿ ಹುಟ್ಟಿ, ಬೊಂಬಾಯಿಯಲ್ಲಿ ಬೆಳೆದವರು ಈಗ ಅಧಿಕೃತವಾಗಿಯೇ ನಮ್ಮ ರಾಜ್ಯದ ಪ್ರತಿನಿಧಿ.

1962ರ ಏಪ್ರಿಲಿನಲ್ಲಿ ಮಂತ್ರಿಗಿರಿ ಹೋಯಿತು, ಪೀಠ ಬಂತು. ರಾಜ್ಯಸಭೆಯ ಉಪಸಭಾಪತಿ, ಆ ಸ್ಥಾನಕ್ಕೆ ಬಂದ ಮೊದಲ ಮಹಿಳೆ. ಅವರಿಗಿಂತ ಮೊದಲು ಹತ್ತು ವರ್ಷ ಅಲ್ಲಿ ಕೂತಿದ್ದವರೂ ನಮ್ಮ ರಾಜ್ಯದವರೇ, ಎಸ್.ವಿ. ಕೃಷ್ಣಮೂರ್ತಿ ರಾವ್.

ರಾಜ್ಯಸಭೆಗೆ ಸಭಾಪತಿ ಎಂದರೆ ಉಪರಾಷ್ಟ್ರಪತಿ. ಅವರು ಇಲ್ಲದ ಹೊತ್ತಿನಲ್ಲೆಲ್ಲ ಸದನ ನಡೆಸುವುದು ಉಪಸಭಾಪತಿಯ ಕೆಲಸ. ಎದುರಿಗೆ ಕೂತವರು ಸಾಮಾನ್ಯರೇ? ಕಮ್ಯುನಿಸ್ಟ್ ಪಕ್ಷದ ಭೂಪೇಶ್ ಗುಪ್ತ, ಜನಸಂಘದ ಅಟಲ್ ಬಿಹಾರಿ ವಾಜಪೇಯಿ, ತಮಿಳುನಾಡಿನ ಅಣ್ಣಾದೊರೈ, 1966ರಿಂದ ರಾಜ್ ನಾರಾಯಣ್. ಮಾತಿಗೆ ನಿಂತರೆ ಒಬ್ಬೊಬ್ಬರೂ ಸದನ ಅಲ್ಲಾಡಿಸುವವರು. 1966ರ ಜನವರಿಯಲ್ಲಿ ಪ್ರಧಾನಿಯಾದ ಇಂದಿರಾ ಗಾಂಧಿ ಕೂಡ ಆಗ ರಾಜ್ಯಸಭೆಯ ಸದಸ್ಯೆಯೇ. ಚೀನಾ ಯುದ್ಧ, ನೆಹರೂ ನಿಧನ, ಪಾಕಿಸ್ತಾನದ ಯುದ್ಧ, ಶಾಸ್ತ್ರಿ ನಿಧನ, ಎಲ್ಲ ಈ ಏಳೂವರೆ ವರ್ಷದಲ್ಲೇ ಆಗಿಹೋದವು. ಪೀಠದಲ್ಲಿ ಕೂತವರು ಚರ್ಚೆಗೆ ಇಳಿಯುವ ಹಾಗಿಲ್ಲ, ಮತ ಸಮ ಬಿದ್ದರೆ ಮಾತ್ರ ಮತ ಹಾಕಬಹುದು. ಯಾರಿಗೆ ಎಷ್ಟು ಹೊತ್ತು ಮಾತು ಕೊಡಬೇಕು, ಯಾವ ಮಾತನ್ನು ಕಡತದಿಂದ ತೆಗೆಯಬೇಕು, ಯಾರನ್ನು ಕೂರಿಸಬೇಕು ಅನ್ನುವುದೇ ಅವರ ದುಡಿಮೆ.

1967ರಲ್ಲಿ ನಮ್ಮ ಜನ ಕೆನರಾಕ್ಕೆ ದಿನಕರ ದೇಸಾಯಿಯವರನ್ನು ಆರಿಸಿದರು. ಜೋಕಿಂ ಆಳ್ವ 1968ರಲ್ಲಿ ನಾಮಕರಣ ಸದಸ್ಯರಾಗಿ ರಾಜ್ಯಸಭೆಗೆ ಬಂದರು. ಹೆಂಡತಿ ಪೀಠದಲ್ಲಿ, ಗಂಡ ಕೆಳಗೆ ಸದಸ್ಯರ ಸಾಲಿನಲ್ಲಿ. ಮಾತಾಡಬೇಕಾದರೆ ಅವರ ಅಪ್ಪಣೆ ಬೇಕು!

ಆಮೇಲೆ ಬಂದದ್ದು 1969. ಮೇ 3ರಂದು ರಾಷ್ಟ್ರಪತಿ ಝಾಕಿರ್ ಹುಸೇನ್ ತೀರಿಕೊಂಡರು. ಉಪರಾಷ್ಟ್ರಪತಿ ವಿ.ವಿ. ಗಿರಿ ಹಂಗಾಮಿ ರಾಷ್ಟ್ರಪತಿಯಾದರು. ಹಾಗಾದಾಗ ಅವರು ರಾಜ್ಯಸಭೆ ನಡೆಸುವ ಹಾಗಿಲ್ಲ, ಸಭಾಪತಿಯ ಪೂರ್ತಿ ಹೊಣೆ ಉಪಸಭಾಪತಿಗೆ ಬರುತ್ತದೆ. ಜುಲೈನಲ್ಲಿ ಗಿರಿ ರಾಜೀನಾಮೆ ಕೊಟ್ಟು ರಾಷ್ಟ್ರಪತಿ ಚುನಾವಣೆಗೆ ನಿಂತರು. ಆಗ ಉಪರಾಷ್ಟ್ರಪತಿ ಸ್ಥಾನವೇ ಖಾಲಿ. ಮೇ ತಿಂಗಳಿಂದ ಆಗಸ್ಟ್ ಕೊನೆವರೆಗೆ ರಾಜ್ಯಸಭೆಯ ಹೊಣೆ ಹೊತ್ತವರು ವಯಲೆಟ್ ಆಳ್ವ. ಹದಿನಾಲ್ಕು ಬ್ಯಾಂಕುಗಳ ರಾಷ್ಟ್ರೀಕರಣದ ಮಸೂದೆ ಕಾಯ್ದೆಯಾದದ್ದೂ ಆ ಆಗಸ್ಟಿನಲ್ಲೇ. ಸಿಂಡಿಕೇಟ್, ಕೆನರಾ ಬ್ಯಾಂಕುಗಳೂ ಆ ಹದಿನಾಲ್ಕರಲ್ಲಿ ಇದ್ದವು.

ಏಳು ವರ್ಷ ಉಪಸಭಾಪತಿ, ನಾಲ್ಕು ತಿಂಗಳು ಸಭಾಪತಿಯ ಕೆಲಸ. ಉಪರಾಷ್ಟ್ರಪತಿ ಸ್ಥಾನಕ್ಕೆ ಇದಕ್ಕಿಂತ ಬೇರೆ ಅರ್ಹತೆ ಎಂತದು ಬೇಕು? ಅದೇ ಆಸೆ ಅವರಿಗೂ ಇತ್ತು. ಆದರೆ ಇಂದಿರಾ ಗಾಂಧಿ ಬೆಂಬಲ ಕೊಡಲಿಲ್ಲ ಎಂದು ಅವರ ಬದುಕಿನ ಬಗ್ಗೆ ಬರೆದವರು ಹೇಳುತ್ತಾರೆ. ಆ ಸ್ಥಾನ ಹೋದದ್ದು ಗೋಪಾಲ ಸ್ವರೂಪ ಪಾಠಕ್ ಅವರಿಗೆ. ಪಾಠಕ್ ಅಲ್ಲಿಯತನಕ ಎಲ್ಲಿದ್ದರು ಅಂದರೆ, ಬೆಂಗಳೂರಿನ ರಾಜಭವನದಲ್ಲಿ, ಮೈಸೂರು ರಾಜ್ಯದ ರಾಜ್ಯಪಾಲರಾಗಿ. ಮೈಸೂರಿನಿಂದ ಆರಿಸಿ ಹೋದವರಿಗೆ ಸಿಗದ್ದು ಮೈಸೂರಿಗೆ ನೇಮಕವಾಗಿ ಬಂದವರಿಗೆ ಸಿಕ್ಕಿತು. ಪಕ್ಷದ ಒಳಜಗಳದ ಆ ದಿನಗಳಲ್ಲಿ ಯಾರು ಯಾರ ಬಣ ಅನ್ನುವುದೇ ದೊಡ್ಡದಾಗಿತ್ತು. ಆದರೂ ಇದು ಅನ್ಯಾಯ ಅಂತಲೇ ನಮಗೆ ಕಾಣುತ್ತದೆ.

ನವೆಂಬರ್ 12ಕ್ಕೆ ಕಾಂಗ್ರೆಸ್ ಇಂದಿರಾ ಅವರನ್ನೇ ಹೊರಗೆ ಹಾಕಿ, ಪಕ್ಷ ಎರಡು ಹೋಳಾಯಿತು. ನವೆಂಬರ್ 16ಕ್ಕೆ ವಯಲೆಟ್ ಉಪಸಭಾಪತಿ ಸ್ಥಾನ ಬಿಟ್ಟರು. ಅದಾಗಿ ನಾಲ್ಕೇ ದಿನ, ನವೆಂಬರ್ 20ರಂದು ದಿಲ್ಲಿಯಲ್ಲಿ ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡರು. 61 ವರ್ಷ. ಮುಂದಿನ ತಿಂಗಳು ಬಿ.ಡಿ. ಖೋಬ್ರಾಗಡೆ ಆ ಪೀಠಕ್ಕೆ ಬಂದರು. ಜೋಕಿಂ ಆಳ್ವ 1974ರವರೆಗೆ ಅದೇ ಸದನದಲ್ಲಿ ಸದಸ್ಯರಾಗಿ ಉಳಿದರು, 1979ರಲ್ಲಿ ನಿಧನರಾದರು.

2008ರಲ್ಲಿ ಅಂಚೆ ಇಲಾಖೆ ಇಬ್ಬರ ಚಿತ್ರವನ್ನೂ ಹಾಕಿ ಒಂದು ಅಂಚೆಚೀಟಿ ಹೊರಡಿಸಿತು. ಅವರ ಮಗ ನಿರಂಜನ್ ಅವರ ಪತ್ನಿ ಮಾರ್ಗರೆಟ್ ಆಳ್ವ 1999ರಲ್ಲಿ ಇದೇ ಕೆನರಾದಿಂದ ಲೋಕಸಭೆಗೆ ಗೆದ್ದದ್ದು ನಮ್ಮಲ್ಲಿ ಬಹಳ ಮಂದಿಗೆ ನೆನಪಿದೆ. ಅತ್ತೆಗೆ ಸಿಗದ ಸ್ಥಾನಕ್ಕೆ 2022ರಲ್ಲಿ ಸೊಸೆ ವಿರೋಧ ಪಕ್ಷಗಳ ಅಭ್ಯರ್ಥಿಯಾಗಿ ನಿಂತರು. ಬಿದ್ದ ಮತ 182, ಎದುರಾಳಿ ಜಗದೀಪ್ ಧನಕರ್ ಅವರಿಗೆ 528. ಉಪರಾಷ್ಟ್ರಪತಿ ಸ್ಥಾನದಲ್ಲಿ ಮಹಿಳೆಯೊಬ್ಬರು ಕೂತದ್ದು ಇನ್ನೂ ಇಲ್ಲ.

ರಾಜ್ಯಸಭೆಯ ಹಳೆಯ ಕಲಾಪಗಳನ್ನು ಈಗ ಯಾರು ಬೇಕಾದರೂ ಪುಕ್ಕಟೆ ಓದಬಹುದು, 1952ರಿಂದಲೇ ಇವೆ. ವಯಲೆಟ್ ಆಳ್ವ ಅಂತ ಹುಡುಕುವವರು ಮೂರು ಕಡೆ ನೋಡಬೇಕು: 1957ರ ಮೊದಲು ಸದಸ್ಯರ ಹೆಸರಿನಲ್ಲಿ, 1962ರವರೆಗೆ ಗೃಹ ಖಾತೆಯ ಉತ್ತರಗಳ ಕೆಳಗೆ, ಆಮೇಲೆ ಉಪಸಭಾಪತಿ ಅಂತ ಇರುವಲ್ಲಿ. ಆ ಕೊನೆಯ ಏಳು ವರ್ಷ ಹೆಸರಿನ ಬದಲು ಬರೀ ಹುದ್ದೆಯೇ ಮುದ್ರಣವಾಗಿರುವುದರಿಂದ, ಹೆಸರು ಹಾಕಿ ಹುಡುಕಿದರೆ ಏನೂ ಮಾತಾಡಲಿಲ್ಲ ಅನ್ನಿಸೀತು.